ಬಾಕಿ ಕಲ್ಲು

ಸಂದಿಯಕ್ಕನಿಗೆ ಅಸಹ್ಯವಾಗಲು ದೊಡ್ಡ ಕಾರಣವೇನೂ ಬೇಕಾಗಿಲ್ಲ. ಟೀ ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತು, ಬಕೆಟ್ಟಿನ ತಳದಲ್ಲಿ ಲೋಳೆಗಟ್ಟಿದ ನೀರು, ಹೊಸದಾಗಿ ಹಾಸಿದ ನೆಲದ ಮೇಲೆ ಉಗುಳಿದ ಕಲೆ, ಇವುಗಳಲ್ಲಿ ಒಂದು ಕಂಡರೂ ಸಾಕು, ಅವಳ ಮೂಗಿನ ಒಂದು ಹೊಳ್ಳೆ ಮಾತ್ರ ಮೇಲೆದ್ದು ಗಂಟಲಿನಿಂದ ಸಣ್ಣದೊಂದು ‘ಛೀ’ ಹೊರಬೀಳುತ್ತದೆ. ಇಂಥವಳು ಹೊಟ್ಟೆ ಹೊರೆಯುವುದು ಊರವರ ಬಚ್ಚಲು, ಪಾಯಿಖಾನೆಗಳಿಗೆ ಟೈಲ್ಸ್ ಹಾಕಿ. ಅವಳ ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ. ‘ಇಷ್ಟೊಂದು ಹೇಸಿಕೊಳ್ಳೋಳು ಬೇರೆ ಕೆಲಸ ಹಿಡಿಯೋದಲ್ವೇನೇ?’ ಎಂದು ಅವನು ಮದುವೆಯಾದ ಹೊಸದರಲ್ಲಿ ಕೇಳಿದ್ದ. ‘ಹೇಸಿಕೊಳ್ಳದೇ ಇರೋರು ಈ ಕೆಲಸ ಮಾಡಿದ್ದಕ್ಕೇ ಎಲ್ಲರ ಬಚ್ಚಲೂ ಹಾಗಿರೋದು’ ಎಂದಿದ್ದಳು. ಆಮೇಲೆ ಅವನು ಆ ಪ್ರಶ್ನೆ ಎತ್ತಿಲ್ಲ.

ಕೆಲಸ ಅಪ್ಪನಿಂದ ಬಂದದ್ದು. ಅವನಿಗೆ ಗಾರೆ ಕಲಸಿಕೊಡುತ್ತಿದ್ದವಳು, ಅವನ ಮಂಡಿ ಸೋತ ಮೇಲೆ ಕರಣೆಯನ್ನು ತಾನೇ ಹಿಡಿದಳು. ಎರಡು ಟೈಲುಗಳ ನಡುವಿನ ಸಂದಿ ಗೋಡೆಯ ಈ ತುದಿಯಿಂದ ಆ ತುದಿವರೆಗೆ ದಾರ ಹಿಡಿದಂತೆ ಇರಬೇಕೆನ್ನುವ ಹಟ ಅವಳದು. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗಿದರೆ ಹಾಕಿದ್ದನ್ನೆಲ್ಲ ಕಿತ್ತು ಹಾಕಿಸುತ್ತಾಳೆ, ನಷ್ಟ ತನ್ನದೇ ಆದರೂ. ಹೀಗಾಗಿ ಸಂದಿಯಕ್ಕ ಎಂಬ ಹೆಸರು ಅಂಟಿಕೊಂಡಿತು. ಅವಳ ಗುಂಪಿನಲ್ಲಿ ಇಬ್ಬರು ಕೆಲಸದವರು, ಜೊತೆಗೆ ಅವಳ ತಮ್ಮ. ಕಟಿಂಗ್ ಮೆಷಿನ್ ಅವನ ಕೈಯಲ್ಲಿ. ಆ ಮೆಷಿನ್ನೇ ಒಮ್ಮೆ ಅವನ ಎಡಗೈ ಹೆಬ್ಬೆರಳಿನ ತುದಿಯನ್ನು ಓರೆಯಾಗಿ ಹಾರಿಸಿತ್ತು. ಗಾಯ ಮಾಯ್ದ ಮೇಲೆ ಬೆರಳು ಚಮಚದ ಹಿಡಿಕೆಯಂತೆ ಚಪ್ಪಟೆಯಾಯಿತು. ಸಂದಿಗೆ ಬಿಳಿ ಸಿಮೆಂಟು ತುಂಬಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕಾದದ್ದು ಕ್ರಮ. ಅವನು ಮಾತ್ರ ಸಂದಿ ಮುಗಿಯುವ ಮೂಲೆಯಲ್ಲಿ ಆ ಬೆರಳಿಟ್ಟು ಒಂದು ಸಲ ಒತ್ತುತ್ತಿದ್ದ. ಅಲ್ಲಿ ಓರೆಯಾದೊಂದು ತಗ್ಗು ಉಳಿಯುತ್ತಿತ್ತು.

‘ಏ, ಅದೇನು ಅಂಗಡಿ ಮುದ್ರೆ ಹಾಕ್ತೀಯೋ? ಬಟ್ಟೆ ತಗೋ’ ಎಂದು ಅವಳು ಹಿಂದಿನಿಂದ ಬಂದು ಒರೆಸುವಳು.

‘ಇರ್ಲಿ ಬಿಡಕ್ಕಾ, ಯಾರು ಹಾಕಿದ್ದು ಅಂತ ಗೊತ್ತಾಗ್ಲಿ ಜನಕ್ಕೆ.’

‘ಗೊತ್ತಾದ್ರೆ ಹುಡುಕ್ಕೊಂಡು ಬಂದು ಹೊಡೀತಾರೆ.’

ಅಪ್ಪ ಬಿಟ್ಟುಹೋದ ಪದ್ಧತಿ ಇನ್ನೊಂದಿತ್ತು. ಎಷ್ಟು ದೊಡ್ಡ ಕಟ್ಟಡವಾದರೂ ನೆಲದ ಕೆಲಸವೆಲ್ಲ ಮುಗಿದ ಮೇಲೆ ಮುಂಬಾಗಿಲ ಹೊಸ್ತಿಲ ಬಳಿ ಒಂದು ಕಲ್ಲಿನಷ್ಟು ಜಾಗ ಖಾಲಿ ಬಿಡುವುದು. ಅಳತೆಗೆ ಕೊಯ್ದು ಅಂಚು ಉಜ್ಜಿದ ಆ ಕಲ್ಲನ್ನು ಕೆಲಸದವರು ತಮ್ಮ ಮನೆಗೆ ಒಯ್ಯುತ್ತಾರೆ. ಗುಂಡಿಯ ಮೇಲೆ ಹಲಗೆ ಮುಚ್ಚಿರುತ್ತದೆ. ಕೊನೆಯ ಕಂತಿನ ದುಡ್ಡು ಕೈಗೆ ಬಂದ ದಿನ, ಕೊಟ್ಟವರ ಕಣ್ಣೆದುರೇ ಕಲ್ಲು ಕೂರಿಸಿ ಎದ್ದು ಬರುವುದು. ಅದಕ್ಕೆ ಬಾಕಿ ಕಲ್ಲು ಎಂದು ಹೆಸರು. ಈ ಕಸುಬಿನವರೆಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಯಾರೂ ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಹೊಸ್ತಿಲಲ್ಲಿ ಹಲಗೆ ಕಂಡರೆ ಒಳಗಿನ ಕೆಲಸವೆಲ್ಲ ಮುಗಿದಿದೆ, ದುಡ್ಡು ಬರಬೇಕಷ್ಟೇ ಎಂದು ಅರ್ಥ.

ಬಿಳಿಬೂಟು ಅವಳ ಬದುಕಿನೊಳಕ್ಕೆ ಕಾಲಿಟ್ಟದ್ದು ಒಂದು ಹಲ್ಲಿನ ಆಸ್ಪತ್ರೆಯ ಕಟ್ಟಡದಿಂದ. ಇಡೀ ಕಟ್ಟಡದ ಗುತ್ತಿಗೆ ಅವನದು. ಗಾರೆ, ಮರಳು, ಕೆಸರಿನ ನಡುವೆ ಅವನು ಹಾಲಿನಂಥ ಬಿಳಿ ಬೂಟು ಹಾಕಿಕೊಂಡು ಓಡಾಡುತ್ತಿದ್ದ. ಬೂಟಿಗೆ ಎಂದೂ ಒಂದು ಚುಕ್ಕೆ ಅಂಟಿದ್ದನ್ನು ಕಂಡವರಿಲ್ಲ. ಎಲ್ಲಿ ಹೆಜ್ಜೆ ಇಡಬೇಕಾದರೂ ಮೊದಲು ಯಾರಾದರೊಬ್ಬರು ಅಲ್ಲಿ ಹಲಗೆ ಹಾಕಬೇಕಿತ್ತು. ಮಾತೆಂದರೆ ಬೆಣ್ಣೆ. ಮೊದಲ ದಿನವೇ ‘ಅಕ್ಕಾ, ನನಗೆ ಒಡಹುಟ್ಟಿದ ಅಕ್ಕ ಇಲ್ಲ, ನೀವೇ ಅಂದ್ಕೊಂಡಿದೀನಿ’ ಎಂದ. ಸಂದಿಯಕ್ಕ ರಸಮಟ್ಟದ ಗುಳ್ಳೆ ನೋಡುತ್ತಿದ್ದಳು. ಹೀಗೆ ನೆಂಟಸ್ತನ ಕಟ್ಟಿಕೊಂಡು ಬರುವವರನ್ನು ಕಂಡರೆ ಅವಳಿಗೆ ಯಾರೋ ತಮ್ಮ ಬಾಚಣಿಗೆಯಲ್ಲಿ ತನ್ನ ತಲೆ ಬಾಚಿದಂತಾಗುತ್ತಿತ್ತು.

ಮೊದಲ ಕಂತುಗಳನ್ನು ಸರಿಯಾಗೇ ಕೊಟ್ಟ. ಮೇಲಿನೆರಡು ಅಂತಸ್ತು ಮುಗಿಯುವ ಹೊತ್ತಿಗೆ ಕೈ ಬಿಗಿಯಾಯಿತು. ಎಂಜಿನಿಯರು ಅಳತೆ ತೆಗೆದಿಲ್ಲ ಎಂದ. ಅಳತೆ ತೆಗೆದ ಮೇಲೆ ಮಾಲೀಕರು ಬಿಡುಗಡೆ ಮಾಡಿಲ್ಲ ಎಂದ. ಕೆಲಸ ಪೂರ್ತಿಯಾದಾಗ ಸಂದಿಯಕ್ಕನಿಗೆ ಬರಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ. ಅವಳು ಪದ್ಧತಿಯಂತೆ ಹೊಸ್ತಿಲ ಕಲ್ಲನ್ನು ಗೋಣಿತಾಟಿನಲ್ಲಿ ಸುತ್ತಿ ಮನೆಗೆ ಒಯ್ದಳು.

ತಿಂಗಳುಗಳು ಉರುಳಿದವು. ಇಬ್ಬರು ಕೆಲಸದವರಿಗೆ ಅವಳು ತನ್ನ ಕೈಯಿಂದ, ಗಂಡನ ವ್ಯಾನಿನ ಬಾಡಿಗೆಯಿಂದ, ಕೊನೆಗೆ ಸಾಲ ಮಾಡಿ ಕೂಲಿ ಕೊಟ್ಟಳು. ಇನ್ನು ಮುಂದೆ ಕೊಡಲಾಗದಿದ್ದರೆ ಅವರು ಬೇರೆಡೆ ಹೋಗುತ್ತಾರೆ, ಅವಳು ಇನ್ನೊಬ್ಬರ ಕೈಕೆಳಗೆ ಗಾರೆ ಕಲಸಲು ನಿಲ್ಲಬೇಕಾಗುತ್ತದೆ. ಒಂದು ದಿನ ಧೈರ್ಯ ಮಾಡಿ ಹಲ್ಲಿನ ಡಾಕ್ಟರನ್ನೇ ಕೇಳಿದಳು.

‘ನಾನು ಕೊಟ್ಟಾಗಿದೆಯಲ್ಲಮ್ಮಾ. ಕೊನೇ ಬಿಲ್ಲೊಂದು ಬಿಟ್ರೆ ಪೂರ್ತಿ’ ಎಂದರು ಡಾಕ್ಟರು, ಕೈಗವಸು ಬಿಚ್ಚುತ್ತ.

ಅದೇ ವಾರ ಬಿಳಿಬೂಟು ಹೊಸ ಕಾರು ಕೊಂಡಿದ್ದ. ದಾರಿಯಲ್ಲಿ ಅವಳನ್ನು ಕಂಡು ನಿಲ್ಲಿಸಿದ. ಗಾಜು ಇಳಿದಾಗ ಹೊಸ ಸೀಟಿನ ವಾಸನೆಯೂ ಸೆಂಟಿನ ವಾಸನೆಯೂ ಕಲಸಿ ಮುಖಕ್ಕೆ ಬಡಿದವು.

‘ಅಕ್ಕಾ, ಡಾಕ್ಟರ ಹತ್ರ ಹೋಗಿದ್ರಂತೆ? ಮನೆ ಮಾತು ಬೀದಿಗೆ ತಗೊಂಡು ಹೋಗ್ಬಾರ್ದಿತ್ತು.’

‘ಯಾರ ಮನೆ ಸಾರ್? ನಮ್ಮನೇಲಿ ಅಡುಗೆ ಆಗಬೇಕಾದ್ದು ನಿಮ್ಮ ಕಾರಾಗಿದೆ.’

ಬಿಳಿಬೂಟು ನಕ್ಕ. ‘ತಮಾಷೆ ನಿಮ್ದು’ ಎಂದು ಗಾಜು ಏರಿಸಿದ. ಅವಳ ಹೊಳ್ಳೆ ಏರಿತು. ಹಣ ನುಂಗಿದ್ದಕ್ಕಿಂತ ಹೆಚ್ಚಾಗಿ, ನುಂಗಿ ನಕ್ಕಿದ್ದು ಅವಳಿಗೆ ಹೇಸಿಗೆಯೆನಿಸಿತು.

ಲೈಸೆನ್ಸು ಕಚೇರಿಯ ದಾರಿ ತೋರಿಸಿದವನು ಗಂಡ. ಕಟ್ಟಡ ಗುತ್ತಿಗೆದಾರರಿಗೆ ಪರವಾನಗಿ ಕೊಡುವ, ತಪ್ಪು ಮಾಡಿದರೆ ಕಿತ್ತುಕೊಳ್ಳುವ ಕಚೇರಿ ಅದು. ಕಿಟಕಿಯ ಹಿಂದಿನ ಗುಮಾಸ್ತ ಅವಳ ಮಾತನ್ನೆಲ್ಲ ಕೇಳಿ, ಒಳಗುತ್ತಿಗೆಯವರು ಮುಗಿಸಿದ ಕೆಲಸಕ್ಕೆ ದುಡ್ಡು ಕೊಡದಿರುವುದು ಶಿಸ್ತುಕ್ರಮಕ್ಕೆ ಸಾಕಷ್ಟು ಕಾರಣ ಎಂದ. ‘ಆದ್ರೆ ಕೆಲಸ ಪೂರ್ತಿ ಮುಗಿದಿರಬೇಕು. ಮುಗಿದಿದೆಯಾ?’

‘ಮುಗಿದಿದೆ’ ಎಂದಳು ಸಂದಿಯಕ್ಕ, ಯೋಚಿಸುವ ಅಗತ್ಯವೇ ಕಾಣದೆ.

ವಿಚಾರಣೆಯ ದಿನ ಅವಳು ಬಾಕಿ ಕಲ್ಲನ್ನು ಹೊತ್ತುಕೊಂಡೇ ಹೋದಳು. ಅವಳ ಪ್ರಕಾರ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿರಲಿಲ್ಲ. ದುಡ್ಡು ಬಂದಿದ್ದರೆ ಕಲ್ಲು ಹೊಸ್ತಿಲಲ್ಲಿ ಇರುತ್ತಿತ್ತು. ಕಲ್ಲು ತನ್ನ ಹತ್ತಿರವಿದೆ, ಆದ್ದರಿಂದ ದುಡ್ಡು ಬಂದಿಲ್ಲ. ಇದನ್ನು ಬಿಡಿಸಿ ಹೇಳುವ ಅಗತ್ಯವಿದೆಯೆಂದು ಅವಳಿಗಾಗಲೀ ಮೆಟ್ಟಿಲು ಹತ್ತುವಾಗ ಕಲ್ಲಿನ ಇನ್ನೊಂದು ತುದಿ ಹಿಡಿದಿದ್ದ ತಮ್ಮನಿಗಾಗಲೀ ಹೊಳೆಯಲಿಲ್ಲ.

ಕಚೇರಿಯ ಕಾರಿಡಾರಿನಲ್ಲಿ ನೀರಿನ ಡ್ರಮ್ಮಿನ ಒಳಗೋಡೆ ಹಸಿರು ಹಿಡಿದಿತ್ತು. ಮೂಲೆಯಲ್ಲಿ ಉಗುಳಿ ಉಗುಳಿ ಗೋಡೆಗೆ ಇನ್ನೊಂದು ಬಣ್ಣ ಬಂದಿತ್ತು. ಕೈತೊಳೆಯುವ ಜಾಗದ ಟೈಲುಗಳು ಕುಡುಕ ಜೋಡಿಸಿದಂತೆ ಹಲ್ಲುಬಿಟ್ಟುಕೊಂಡು ನಿಂತಿದ್ದವು. ‘ಕಟ್ಟಡದೋರ ತಪ್ಪು ಹುಡುಕೋ ಆಫೀಸಂತೆ’ ಎಂದಳು ತಮ್ಮನಿಗೆ. ‘ಸುಮ್ನಿರಕ್ಕಾ, ನಾವು ಬಂದಿರೋದು ಬಚ್ಚಲು ನೋಡೋಕಲ್ಲ’ ಎಂದ ಅವನು. ಆ ದಿನ ಅವನಲ್ಲಿ ಎಂದಿನ ಚೇಷ್ಟೆ ಇರಲಿಲ್ಲ. ಅವಳು ಗಮನಿಸಿದಳು, ಹೆದರಿರಬೇಕು ಎಂದುಕೊಂಡಳು.

ವಿಚಾರಣಾಧಿಕಾರಿ ನೆಗಡಿಯಾದ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಮೇಜಿನ ಮೇಲೆ ಕಲ್ಲು ಬಿಚ್ಚಿಟ್ಟಾಗ ಅವರು ಕರವಸ್ತ್ರವನ್ನು ಮೂಗಿನಿಂದ ತೆಗೆದರು.

‘ಏನಮ್ಮಾ ಇದು?’

‘ಬಾಕಿ ಕಲ್ಲು ಮೇಡಂ.’

‘ಅಂದ್ರೆ?’

ಸಂದಿಯಕ್ಕ ಹೇಳಿದಳು. ಮೇಡಂ ತಾಳ್ಮೆಯಿಂದ ಕೇಳಿ, ‘ಹಾಗಾದ್ರೆ ಒಂದು ಕಲ್ಲು ಹಾಕೋದು ಬಾಕಿ ಇದೆ, ಅಲ್ವಾ?’ ಎಂದರು.

‘ಬಾಕಿ ಇರೋದು ದುಡ್ಡು ಮೇಡಂ.’

‘ಕಲ್ಲು ಹಾಕಿದೀರೋ ಇಲ್ವೋ, ಅಷ್ಟು ಹೇಳಿ.’

‘ಇಲ್ಲ.’

ಎದುರು ಕುರ್ಚಿಯಲ್ಲಿದ್ದ ಬಿಳಿಬೂಟು ಅಲ್ಲಿಯವರೆಗೂ ತಲೆ ತಗ್ಗಿಸಿ, ಸಾವಿನ ಮನೆಗೆ ಬಂದವನಂತೆ ಕೂತಿದ್ದ. ಈಗ ನಿಟ್ಟುಸಿರುಬಿಟ್ಟ. ‘ಮೇಡಂ, ಅಕ್ಕನ ಮೇಲೆ ಹೇಳೋಕೆ ನನಗೆ ಬಾಯಿ ಬರಲ್ಲ. ಆದ್ರೆ ನೀವೇ ನೋಡಿ. ಕೆಲಸ ಅರ್ಧಕ್ಕೆ ಬಿಟ್ಟು ಹೋದ್ರು. ಮುಂಬಾಗಿಲಲ್ಲಿ ಗುಂಡಿ. ಪೇಷಂಟುಗಳು ಎಡವಿ ಬಿದ್ದಿದ್ರೆ? ಸಾಲದ್ದಕ್ಕೆ ಕಟ್ಟಡದ ಸಾಮಾನು ಮನೆಗೆ ಹೊತ್ಕೊಂಡು ಹೋಗಿದಾರೆ. ಈ ಕಲ್ಲಿಗೆ ದುಡ್ಡು ಕೊಟ್ಟಿರೋದು ಡಾಕ್ಟರು. ಇದಕ್ಕೆ ಏನಂತಾರೆ ಅಂತ ನಾನು ಹೇಳಲ್ಲ.’

ಕೋಣೆಯಲ್ಲಿದ್ದವರೆಲ್ಲ ಆ ಪದವನ್ನು ತಮ್ಮ ತಮ್ಮ ಮನಸ್ಸಿನಲ್ಲೇ ಹೇಳಿಕೊಂಡರು. ಸಂದಿಯಕ್ಕನ ಕಿವಿ ಬಿಸಿಯಾಯಿತು. ಆ ಕಟ್ಟಡಕ್ಕೆ ಬಣ್ಣ ಹೊಡೆದಿದ್ದ ಪೇಂಟರ್ ಇನ್ನೊಂದು ಕೇಸಿಗಾಗಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಅವಳು ಅವನತ್ತ ತಿರುಗಿದಳು. ‘ಅಣ್ಣಾ, ನೀನಾದ್ರೂ ಹೇಳೋ. ಬಾಕಿ ಕಲ್ಲು ಅಂದ್ರೆ ಏನು ಅಂತ ನಿಂಗೆ ಗೊತ್ತಿಲ್ವಾ?’

ಪೇಂಟರ್ ತನ್ನ ಉಗುರಿನೊಳಗಿನ ಬಣ್ಣ ಕೆರೆದುಕೊಂಡ. ‘ನಂದು ಗೋಡೆ ಕೆಲಸ ಅಕ್ಕಾ. ನೆಲದ್ದು ನಂಗೊತ್ತಾಗಲ್ಲ’ ಎಂದ. ಅವನ ಅಪ್ಪ ಅವಳ ಅಪ್ಪನ ಜೊತೆ ಅದೆಷ್ಟು ಹೊಸ್ತಿಲುಗಳಲ್ಲಿ ಹಲಗೆ ದಾಟಿದ್ದನೋ. ಅವನೂ ದಾಟಿದ್ದ. ಬಿಳಿಬೂಟಿನ ಹತ್ತಿರ ಅವನಿಗೆ ಇನ್ನೊಂದು ಕೆಲಸ ಸಿಗುವುದರಲ್ಲಿತ್ತು.

ಸ್ಥಳ ನೋಡಿ ತೀರ್ಮಾನಿಸುತ್ತೇನೆ ಎಂದರು ಮೇಡಂ. ಕೆಲಸ ಅರ್ಧಕ್ಕೆ ಬಿಟ್ಟದ್ದು ಖಚಿತವಾದರೆ ದೂರು ವಜಾ ಆಗುತ್ತದೆ ಎಂದೂ ಸೇರಿಸಿದರು. ಅಲ್ಲಿಯವರೆಗೆ ಕಲ್ಲು ಕಚೇರಿಯಲ್ಲೇ ಇರಬೇಕಾಯಿತು. ಆಮೇಲೆ ಒಂದು ದಿನ ತಾರೀಖು ವಿಚಾರಿಸಲು ಹೋದ ಸಂದಿಯಕ್ಕ ಕಂಡದ್ದೇನೆಂದರೆ, ಅವಳು ಅಂಚು ಉಜ್ಜಿ ನುಣುಪು ಮಾಡಿದ ಕಲ್ಲು ಗುಮಾಸ್ತರ ಕೋಣೆಯಲ್ಲಿ ಎರಡು ಇಟ್ಟಿಗೆಗಳ ಮೇಲೆ ಕೂತು ಟೀ ಫ್ಲಾಸ್ಕಿಗೆ ಪೀಠವಾಗಿತ್ತು. ಮೇಲೆಲ್ಲ ಟೀ ಲೋಟದ ಕಂದು ಬಳೆಗಳು. ಚೆಲ್ಲಿದ ಸಕ್ಕರೆಗೆ ಇರುವೆ ಸಾಲುಗಟ್ಟಿತ್ತು. ಒಂದು ಮೂಲೆಯಲ್ಲಿ ಯಾರೋ ಸಿಗರೇಟು ಒತ್ತಿ ಆರಿಸಿದ್ದರು. ಅವಳು ಬಾಗಿಲಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

‘ಟೀ ಬೇಕಾ ಅಮ್ಮಾ?’ ಎಂದ ಗುಮಾಸ್ತ, ಒಳ್ಳೆಯ ಮನಸ್ಸಿನಿಂದಲೇ.

ಸ್ಥಳ ಪರಿಶೀಲನೆಗೆ ಸಂದಿಯಕ್ಕ, ಅವಳ ಗಂಡ, ತಮ್ಮ ವ್ಯಾನಿನಲ್ಲಿ ಹೋದರು. ತಮ್ಮ ಮುಂದಿನ ಸೀಟು ಬಿಟ್ಟು ಹಿಂದೆ ಸಾಮಾನಿನ ಜಾಗದಲ್ಲಿ ಕೂತ. ಆಸ್ಪತ್ರೆಯ ಮುಂದೆ ಮೇಡಂ, ಒಬ್ಬ ಸಹಾಯಕ, ಬಿಳಿಬೂಟು ಆಗಲೇ ನಿಂತಿದ್ದರು. ಹೊಸ್ತಿಲ ಬಳಿ ಹಲಗೆ ಇರಲಿಲ್ಲ. ಗುಂಡಿಯೂ ಇರಲಿಲ್ಲ. ಆ ಜಾಗದಲ್ಲಿ ಕಲ್ಲೊಂದು ಕೂತಿತ್ತು, ಅಕ್ಕಪಕ್ಕದವುಗಳಿಗಿಂತ ತುಸು ಹಳದಿ.

‘ನಾನೇ ಹಾಕಿಸಿದೆ ಮೇಡಂ’ ಎಂದ ಬಿಳಿಬೂಟು. ‘ಎಷ್ಟು ದಿನ ಅಂತ ಗುಂಡಿ ಇಟ್ಕೊಳ್ಳೋದು? ಹೊರಗಿನ ಪಾರ್ಟಿ ಕರೆಸಿ, ಕೈಯಿಂದ ದುಡ್ಡು ಕೊಟ್ಟು ಕೆಲಸ ಮುಗಿಸಿದೆ. ಅಕ್ಕನ ಗುಂಪು ಬಿಟ್ಟುಹೋದ ಕೆಲಸ ಬೇರೆಯೋರು ಮುಗಿಸಿದಾರೆ, ಇದನ್ನ ಬರ್ಕೊಳ್ಳಿ.’

ಸಹಾಯಕ ಬರೆದುಕೊಂಡ. ಸಂದಿಯಕ್ಕ ಕೆಳಗೆ ಕೂತಳು. ಅವಳಿಗೆ ಬೇಕಿದ್ದುದು ಜಗಳಕ್ಕೊಂದು ನೆಪವಷ್ಟೇ. ಸಂದಿ ಸೊಟ್ಟಗಿದ್ದರೆ ಹೇಳೋಣ, ಕಲ್ಲು ಅಲುಗಾಡಿದರೆ ಹೇಳೋಣ ಎಂದು ಅಂಚಿನ ಮೇಲೆ ಉಗುರು ಓಡಿಸಿದಳು. ಸಂದಿ ನೆಟ್ಟಗಿತ್ತು. ಬೇಡವೆಂದರೂ ಮೆಚ್ಚಬೇಕಾದಷ್ಟು ನೆಟ್ಟಗಿತ್ತು. ಉಗುರು ಮೂಲೆಗೆ ಬಂದು ಒಂದು ತಗ್ಗಿನೊಳಕ್ಕೆ ಜಾರಿತು.

ಓರೆಯಾದ, ಚಪ್ಪಟೆಯಾದ ತಗ್ಗು. ಇನ್ನೊಂದು ಮೂಲೆಯಲ್ಲೂ ಅಂಥದೇ.

ಅವಳು ಅಲ್ಲೇ ಕೂತಿದ್ದಳು. ಯಾರೋ ಒಳಗೆ ಹಲ್ಲು ಕೊರೆಸಿಕೊಳ್ಳುತ್ತಿದ್ದ ಸದ್ದು ಬರುತ್ತಿತ್ತು. ಔಷಧಿಯ ವಾಸನೆಗೆ ಬಾಯೊಳಗೆ ಕಹಿ ನೀರು ಬಂತು. ಬಿಳಿಬೂಟಿನ ಬಗ್ಗೆ, ಪೇಂಟರ್ ಬಗ್ಗೆ, ಟೀ ಕಲೆಗಳ ಬಗ್ಗೆ ಬಂದಿದ್ದ ಅಸಹ್ಯ ಈಗಿನದರ ಮುಂದೆ ಏನೇನೂ ಅಲ್ಲ ಎನಿಸಿತು. ಅವೆಲ್ಲ ಹೊರಗಿನ ಕೊಳೆ. ಇದು ಒಂದೇ ತಟ್ಟೆಯಲ್ಲಿ ಉಂಡ ಕೈ.

ಹೇಳದಿದ್ದರೆ ಹೊರಗಿನ ಪಾರ್ಟಿ ಮುಗಿಸಿದ್ದೆಂದು ದಾಖಲಾಗುತ್ತದೆ, ದೂರು ಬಿದ್ದುಹೋಗುತ್ತದೆ. ಹೇಳಿದರೆ ಒಡಹುಟ್ಟಿದವನ ಮಾನ ಈ ಹೊಸ್ತಿಲಲ್ಲೇ ಹೋಗುತ್ತದೆ. ಅವಳು ತಿರುಗಿ ನೋಡಿದಳು. ತಮ್ಮ ವ್ಯಾನಿನ ಬಾಗಿಲಿಗೆ ಆತುಕೊಂಡು ನಿಂತಿದ್ದ, ಎಡಗೈ ಜೇಬಿನಲ್ಲಿತ್ತು.

‘ಬಾರೋ ಇಲ್ಲಿ.’

ಅವನು ಬಂದ.

‘ಕೈ ತೆಗಿ. ಹೆಬ್ಬೆರಳು ಇಲ್ಲಿಡು.’

‘ಅಕ್ಕಾ...’

‘ಇಡು ಅಂದೆ.’

ಅವನು ಮಂಡಿಯೂರಿ ಬೆರಳಿಟ್ಟ. ಗಟ್ಟಿಯಾದ ಸಿಮೆಂಟಿನ ತಗ್ಗಿನೊಳಗೆ ಬೆರಳು ತನ್ನ ಹಾಸಿಗೆಗೆ ಮರಳಿದಂತೆ ಕೂತುಕೊಂಡಿತು. ಇನ್ನೊಂದು ಮೂಲೆಯಲ್ಲೂ ಕೂತಿತು. ಮೇಡಂ ಬಗ್ಗಿ ನೋಡಿದರು.

‘ಇದೇ ಮೇಡಂ ಇವರ ಹೊರಗಿನ ಪಾರ್ಟಿ’ ಎಂದಳು ಸಂದಿಯಕ್ಕ. ‘ನನ್ನ ತಮ್ಮ. ನನ್ನ ಗುಂಪಿನವನು. ನಮ್ಮಪ್ಪನ ಮಗ.’

ಆಮೇಲೆ ತಮ್ಮನೇ ನೆಲ ನೋಡುತ್ತ ಹೇಳಿದ. ವಿಚಾರಣೆಗೂ ಮುಂಚೆಯೇ ಬಿಳಿಬೂಟು ಅವನನ್ನು ಕರೆಸಿದ್ದನಂತೆ. ‘ನಿಮ್ಮಕ್ಕಂದು ಹಟ. ಒಂದು ಕಲ್ಲು ಕೂರಿಸಿಬಿಡು, ಕೆಲಸ ಮುಗೀತು ಅಂತ ಬಿಲ್ಲು ಪಾಸು ಮಾಡ್ತೀನಿ’ ಎಂದಿದ್ದನಂತೆ. ತಮ್ಮ ಮೊದಲು ಒಪ್ಪಿರಲಿಲ್ಲ. ವಿಚಾರಣೆಯಲ್ಲಿ ಅಕ್ಕನ ಮೇಲೆ ಕಳ್ಳತನದ ಮಾತು ಬಂದಮೇಲೆ, ಹೀಗಾದರೂ ಮುಗಿಯಲಿ ಎಂದು ಹೋಗಿ ಹಾಕಿದ್ದ.

‘ಸುಮ್ನೆ ಹಾಕಿದ್ಯಾ?’ ಎಂದಳು ಅಕ್ಕ.

‘ಕೊಟ್ರು.’

‘ಎಷ್ಟು?’

ಒಂದು ಕಲ್ಲಿಗೆ ಯಾರೂ ಕೊಡದಷ್ಟು ಎಂಬುದು ಅವನ ಮುಖದಲ್ಲೇ ಇತ್ತು. ಮೇಡಂ ಬಿಳಿಬೂಟಿನ ಕಡೆ ತಿರುಗಿದರು. ‘ದೂರುದಾರರ ಗುಂಪಿನವರ ಕೈಯಲ್ಲೇ ನೀವು ಕೆಲಸ ಮುಗಿಸಿಕೊಂಡಿದೀರಿ. ಹಾಗಾದ್ರೆ ಅವರು ಬಿಟ್ಟು ಹೋದದ್ದು ಯಾವಾಗ?’

‘ಇಲ್ಲ ಮೇಡಂ, ಇದು... ಮನೆಯವರ ಮಧ್ಯೆ...’ ಎಂದು ಬಿಳಿಬೂಟು ಮೊದಲ ಬಾರಿಗೆ ಪದಕ್ಕೆ ತಡಕಾಡಿದ.

ವಾಪಸು ಹೊರಟಾಗ ಸಂದಿಯಕ್ಕ ವ್ಯಾನಿನ ಹಿಂಬಾಗಿಲನ್ನು ತಾನೇ ಎಳೆದು ಚಿಲಕ ಹಾಕಿದಳು. ತಮ್ಮ ರಸ್ತೆಯಲ್ಲಿ ಉಳಿದ. ದಾರಿಯಲ್ಲಿ ಗಂಡ ಎರಡು ಸಲ ಗಂಟಲು ಸರಿಮಾಡಿಕೊಂಡು, ‘ಗೆದ್ದಿದೀಯಲ್ಲೇ. ಮುಖ ಯಾಕೆ ಹಾಗಿದೆ?’ ಎಂದ.

‘ಸೋಪಿದ್ರೆ ಕೊಡ್ರೀ.’

‘ವ್ಯಾನಲ್ಲಿ ಎಲ್ಲಿಂದ ತರ್ಲಿ?’

‘ಹಾಗಾದ್ರೆ ಮಾತಾಡಬೇಡಿ.’

ಆದೇಶ ಬಂತು. ಬಾಕಿ ತೀರಿಸುವವರೆಗೆ ಬಿಳಿಬೂಟಿನ ಲೈಸೆನ್ಸು ಅಮಾನತು. ಅವಳು ಅದನ್ನು ಗಂಡನ ಕೈಯಲ್ಲಿ ಓದಿಸಿಕೊಂಡು, ಕಟ್ಟಡದ ಕೆಲಸದಿಂದ ಅವನು ತೊಲಗಿದ ಎಂದುಕೊಂಡಳು. ತೊಲಗಿದ್ದು ಎರಡು ವಾರ. ಬಿಳಿಬೂಟು ಕಚೇರಿಗೆ ಬಂದು ಅವಳ ಅಷ್ಟೂ ದುಡ್ಡು ಎಣಿಸಿಕೊಟ್ಟ, ಗುಮಾಸ್ತ ರಸೀದಿಗೆ ಅವಳ ಸಹಿ ಹಾಕಿಸಿಕೊಂಡ, ಅದೇ ದಿನ ಅಮಾನತು ರದ್ದಾಯಿತು. ಮೇಡಂ ಇಬ್ಬರಿಗೂ ಒಳ್ಳೆಯದಾಗಲಿ ಎಂದರು. ಪೇಂಟರ್ ಕಾರಿಡಾರಿನಲ್ಲಿ ಕಾದಿದ್ದು, ‘ಅಕ್ಕಾ, ನಂದೂ ಅವನ ಹತ್ರ ಬಾಕಿ ಇದೆ, ದೂರು ಹೇಗೆ ಕೊಡೋದು ಸ್ವಲ್ಪ ಹೇಳಿಕೊಡ್ತೀಯಾ?’ ಎಂದ.

‘ನಂದು ನೆಲದ ಕೆಲಸ ಅಣ್ಣಾ. ಗೋಡೇದು ಗೊತ್ತಾಗಲ್ಲ.’

ಹೇಳಿದ ಮೇಲೆ ಆ ಮಾತೂ ಅವಳ ಬಾಯಲ್ಲಿ ಹಳಸಿದಂತೆ ರುಚಿಸಿತು. ನಾಲ್ಕು ಹೆಜ್ಜೆ ಹೋದವಳು ನಿಂತು, ‘ಮೊದಲನೇ ಕಿಟಕಿ. ಕೆಲಸ ಮುಗಿದಿದೆಯಾ ಅಂತ ಕೇಳ್ತಾರೆ, ಯೋಚನೆ ಮಾಡಿ ಹೇಳು’ ಎಂದಳು.

ಮೆಟ್ಟಿಲ ಕೆಳಗೆ ಬಿಳಿಬೂಟು ಕಾದಿದ್ದ. ಹಳದಿ ಕಲ್ಲು ಹೊಂದುವುದಿಲ್ಲವೆಂದು ಹಲ್ಲಿನ ಡಾಕ್ಟರು ಕೊನೆಯ ಬಿಲ್ಲು ತಡೆಹಿಡಿದಿದ್ದರು. ಅದೇ ತುಂಡಿನಿಂದ ಕೊಯ್ದ ಕಲ್ಲು ಊರಿನಲ್ಲಿ ಒಂದೇ ಒಂದಿತ್ತು.

‘ಅಕ್ಕಾ, ನಿಮ್ಮ ಪದ್ಧತಿ ಪ್ರಕಾರ ದುಡ್ಡು ಬಂತಲ್ಲ. ಕಲ್ಲು ಹಾಕಿಬಿಡಿ. ಆದದ್ದೆಲ್ಲ ಆಯ್ತು, ಮುಂದಿನ ಕಟ್ಟಡಾನೂ ನಿಮಗೇ.’

ಅವನ ಮುಖಕ್ಕೆ ಉಗುಳುವಷ್ಟು ಅಸಹ್ಯ ಬಂತು. ಆದರೆ ಪದ್ಧತಿ ಅವನದಲ್ಲ, ಅಪ್ಪನದು. ದುಡ್ಡು ಬಂದ ಮೇಲೂ ಕಲ್ಲು ಇಟ್ಟುಕೊಂಡರೆ ಅವನು ಅಂದು ಹೇಳದೆ ಬಿಟ್ಟ ಪದ ನಿಜವಾಗುತ್ತದೆ. ‘ಕಲ್ಲು ಹಾಕ್ತೀನಿ. ಮುಂದಿನ ಕಟ್ಟಡಕ್ಕೆ ಬೇರೆ ಅಕ್ಕನ್ನ ಹುಡುಕ್ಕೊಳ್ಳಿ’ ಎಂದು, ಕಚೇರಿಯೊಳಗೆ ಹೋಗಿ ಫ್ಲಾಸ್ಕನ್ನು ಎತ್ತಿ ಗುಮಾಸ್ತನ ಕೈಗಿಟ್ಟು, ಕಲ್ಲು ಹೊತ್ತು ತಂದಳು. ಮನೆಯಲ್ಲಿ ಅದನ್ನು ಉಜ್ಜಿದಳು. ಟೀ ಬಳೆಗಳು ಹೋದವು. ಸಿಗರೇಟಿನ ಕಲೆ ಮಾಸಿತೇ ಹೊರತು ಪೂರ್ತಿ ಹೋಗಲಿಲ್ಲ.

ಮರುದಿನ ಬೆಳಗ್ಗೆ ಆಸ್ಪತ್ರೆ ತೆರೆಯುವ ಮುನ್ನ ಹೋದಳು. ತಮ್ಮ ಗೇಟಿನ ಬಳಿ ನಿಂತಿದ್ದ. ಯಾರು ಹೇಳಿದ್ದರೋ ಏನೋ, ಗಂಡನೇ ಇರಬೇಕು. ಅವಳು ನೋಡದವಳಂತೆ ಒಳಗೆ ನಡೆದಳು. ಹಳದಿ ಕಲ್ಲು ಎಬ್ಬಿಸುವುದು ಸುಲಭವಾಗಲಿಲ್ಲ. ಅವನು ಗಟ್ಟಿಯಾಗೇ ಕೂರಿಸಿದ್ದ. ಉಳಿ ಹಿಡಿದು ಅಂಚೆಲ್ಲ ಬಿಡಿಸಿ, ಹಳೆಯ ಗಾರೆ ಕೆರೆದು, ಹೊಸದು ಹರಡಿ, ತನ್ನ ಕಲ್ಲು ಇಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟಿದಳು. ರಸಮಟ್ಟದ ಗುಳ್ಳೆ ನಡುವೆ ನಿಂತಿತು. ಸಂದಿ ತುಂಬಿ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಬಿಳಿಬೂಟಿಗೆ ಹೇಳಿದಳು.

‘ಸಾರ್, ನಾಳೆವರೆಗೂ ಯಾರೂ ತುಳೀಬಾರ್ದು.’

‘ಆಯ್ತಕ್ಕಾ, ಆಯ್ತಕ್ಕಾ’ ಎಂದ ಬಿಳಿಬೂಟು. ಅಷ್ಟರಲ್ಲಿ ಫೋನು ಬಂತು. ಬಿಲ್ಲು ಇವತ್ತೇ ಪಾಸಾಗುತ್ತದೆ ಎಂದು ಯಾರಿಗೋ ಹೇಳುತ್ತ, ಡಾಕ್ಟರನ್ನು ನೋಡಲು ಒಳಗೆ ಹೊರಟ. ಹಲಗೆ ಇರಲಿಲ್ಲ. ಬಲಗಾಲು ನೇರ ಕಲ್ಲಿನ ಮೂಲೆಯ ಮೇಲೆ ಇಳಿಯಿತು. ಮೂಲೆ ಕುಸಿದು, ಸಂದಿಯಿಂದ ಬಿಳಿ ಸಿಮೆಂಟು, ಅಡಿಯಿಂದ ಬೂದು ಗಾರೆ ಉಕ್ಕಿ ಬೂಟಿನ ಸುತ್ತ ಮೆತ್ತಿಕೊಂಡವು.

‘ಅಯ್ಯಯ್ಯೋ! ಅಕ್ಕಾ, ಸ್ವಲ್ಪ ಒತ್ತಿಬಿಡಿ, ಏನಾಗಲ್ಲ. ಬಟ್ಟೆ, ಬಟ್ಟೆ ಕೊಡಿ.’

ಸಂದಿಯಕ್ಕ ವಕ್ರವಾದ ಸಂದಿ ನೋಡಿದಳು. ಕೆಲಸ ಮುಗಿದಿತ್ತು, ದುಡ್ಡು ಮನೆಯಲ್ಲಿತ್ತು, ಪದ್ಧತಿ ಪೂರೈಸಿತ್ತು. ಎದ್ದು ಹೋಗಬಹುದಿತ್ತು. ಅವಳು ಕರಣೆ ತೊಳೆಯಲೆಂದು ಬಕೆಟ್ಟಿಗೆ ಕೈ ಹಾಕಿದಳು. ಹಿಂದೆ ಯಾರೋ ಮಂಡಿಯೂರಿದ ಸದ್ದಾಯಿತು. ತಮ್ಮ ಯಾರೂ ಕರೆಯದೆಯೇ ಬಂದು, ಕಲ್ಲಿನ ಅಂಚಿಗೆ ಉಳಿ ಕೊಟ್ಟು ಮೆಲ್ಲಗೆ ಎತ್ತುತ್ತಿದ್ದ. ಅಡಿಯ ಗಾರೆ ಸಮ ಮಾಡಿದ. ಕಲ್ಲು ಮತ್ತೆ ಇಳಿಸಿದ. ಅವಳು ರಸಮಟ್ಟ ಇಟ್ಟಳು. ಅವನು ತಟ್ಟಿದ, ಅವಳು ಗುಳ್ಳೆ ನೋಡಿದಳು. ಅವನು ಸಂದಿ ತುಂಬಿ ಮೂಲೆಗೆ ಬಂದು, ಎಡಗೈ ಹೆಬ್ಬೆರಳು ಚಾಚಿ, ಹಾಗೇ ತಡೆದ.

ಬಿಳಿಬೂಟು ಒಂಟಿಗಾಲಲ್ಲಿ ಕುಪ್ಪಳಿಸುತ್ತ ಬಕೆಟ್ಟಿನ ಅಂಚಿನಲ್ಲಿದ್ದ ಒದ್ದೆ ಬಟ್ಟೆಗೆ ಕೈ ಚಾಚಿದ. ಅದಕ್ಕೂ ಮುಂಚೆ ಸಂದಿಯಕ್ಕ ಅದನ್ನೆತ್ತಿ ಹಿಂಡಿ ತಮ್ಮನ ಮುಂದೆ ಹಾಕಿದಳು.

‘ಇದರಲ್ಲಿ ಒರೆಸು. ಬೆರಳು ಹಾಕಬೇಡ.’

‘ಹೂಂ ಅಕ್ಕಾ.’

‘ಅಕ್ಕಾ, ನನಗೆ?’ ಎಂದ ಬಿಳಿಬೂಟು.

ಅವಳಿಗೆ ಕೇಳಿಸಿತು. ತಮ್ಮ ಒರೆಸಿದ ಮೂಲೆಯನ್ನು ಉಗುರಿನಿಂದ ಪರೀಕ್ಷಿಸಿದಳು, ಇನ್ನೊಮ್ಮೆ ಒರೆಸಲು ಹೇಳಿದಳು. ಹೊರಗೆ ಅವನು ಬೂಟನ್ನು ರಸ್ತೆಯಂಚಿನ ಕಲ್ಲಿಗೆ ತಿಕ್ಕುತ್ತಿದ್ದ. ತಿಕ್ಕಿದಷ್ಟೂ ಗಾರೆ ಹೊಲಿಗೆಯೊಳಕ್ಕೆ ಇಳಿಯುತ್ತಿತ್ತು. ಬಿಸಿಲು ಏರುತ್ತಿತ್ತು, ಅದು ಬೇಗನೆ ಗಟ್ಟಿಯಾಗುವಂತಿತ್ತು. ಅವಳು ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿ, ನಲ್ಲಿ ತಿರುಗಿಸಿ, ಮೊಳಕೈವರೆಗೂ ಕೈ ತೊಳೆಯತೊಡಗಿದಳು.